ಒನಕೆ ಗಿಟಾರಿನ ಕತ್ತಾದ ಆಷಾಢ

ಮೊನ್ನೆ ಕರೆಂಟಿನ ಮೀಟರು ನೋಡಲು ಬಂದವರು ಹೊರಡುವಾಗ ನಮ್ಮ ಹಿಂಬಾಗಿಲಿನ ಅಗುಳಿಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. “ಇದೆಂತ ಅಕ್ಕ, ಅಗುಳಿಗೆ ಸ್ಕೇಲಿನ ಹಾಗೆ ಗೀಟು ಹಾಕ್ಸಿದೀರಿ?” ಅಂದರು. “ಅದು ಅಗುಳಿ ಅಲ್ಲ, ಗಿಟಾರಿನ ಕತ್ತು” ಅಂದೆ. ಅವರು ಅದನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ಹೊತ್ತಾಯ್ತು ಎಂದು ಹೊರಟೇಬಿಟ್ಟರು. ಕಾಫಿ ಕುಡಿದು ಹೋಗಿ ಅಂದರೂ ನಿಲ್ಲಲಿಲ್ಲ. ಪಾಪ, ಈ ಹೆಂಗಸಿಗೆ ಏನೋ ಆಗಿದೆ ಅಂದುಕೊಂಡಿರಬೇಕು.

ಅಂದುಕೊಳ್ಳಲಿ ಬಿಡಿ. ಅದು ಗಿಟಾರಿನ ಕತ್ತೇ. ಸಿಲ್ವರ್ ಓಕ್ ಮರದ್ದು, ನಡುವೆ ಚೂರು ಬಾಗಿದೆ. ಬಾಗಿರುವುದರಿಂದಲೇ ಬಾಗಿಲಿಗೆ ಕಚ್ಚಿಕೊಂಡು ಕೂರುತ್ತದೆ. ಎಂಥ ಗಾಳಿ ಬೀಸಿದರೂ ಅಲ್ಲಾಡುವುದಿಲ್ಲ. ಗಿಟಾರಿಗೆ ಆಗದ್ದು ಅಗುಳಿಗೆ ಆಯಿತು. ಅದನ್ನು ಮಾಡಿದವರು ನಮ್ಮನೆಯವರು. ಅವರ ಹೆಸರು ನಾನು ಹೇಳುವುದಿಲ್ಲ. ಊರವರೆಲ್ಲ ಉಪೇಂದ್ರಣ್ಣ ಅನ್ನುತ್ತಾರೆ, ನೀವೂ ಹಾಗೇ ಅಂದುಕೊಳ್ಳಿ.

ನಮ್ಮ ಮದುವೆಯಾದದ್ದು ತೊಂಬತ್ತರ ದಶಕದ ನಡುವೆ. ಕೊಟ್ಟಿಗೆಹಾರದಿಂದ ಒಳಗೆ, ಒಂದಿಷ್ಟು ಕಾಫಿ, ಎರಡು ದನ, ಒಬ್ಬ ಅತ್ತೆ, ಒಬ್ಬ ಗಂಡ. ಅತ್ತೆ ಒಳ್ಳೆಯವರೇ. ಆದರೆ ಅವರಿಗೆ ದನಗಳ ಜೊತೆ ಮಾತಾಡಿ ಅಭ್ಯಾಸ, ಮನುಷ್ಯರ ಜೊತೆ ಅಷ್ಟಕ್ಕಷ್ಟೆ. ನಮ್ಮನೆಯವರಿಗೆ ದನಗಳ ಜೊತೆಯೂ ಇಲ್ಲ. “ಊಟ ಹಾಕ್ಲಾ?” ಅಂದರೆ “ಹ್ಞೂಂ.” “ಸಾರು ಹೆಂಗಿದೆ?” ಅಂದರೆ “ಹ್ಞೂಂ.” ಒಂದು ದಿನ ಸಿಟ್ಟು ಬಂದು “ಸಾರಿಗೆ ಉಪ್ಪೇ ಹಾಕಿಲ್ಲ ನಾನು” ಅಂದೆ. ಅದಕ್ಕೂ “ಹ್ಞೂಂ.” ನಿಜಕ್ಕೂ ಹಾಕಿರಲಿಲ್ಲ, ಪುಣ್ಯಾತ್ಮರು ಉಂಡು ಎದ್ದಿದ್ದರು.

ನಾನೋ, ಹುಟ್ಟಿದ್ದು ಸಂಸೆಯಲ್ಲಿ, ಬಸ್ಸು ನಿಲ್ಲುವ ಜಾಗದ ಎದುರಿಗಿದ್ದ ಅಪ್ಪಯ್ಯನ ಹೋಟ್ಲಿನ ಹಿಂದೆ. ಮುಂದೆ ಹೋಟ್ಲು, ಹಿಂದೆ ಮನೆ, ನಡುವೆ ಒಂದು ಹೊಸಿಲು. ಬೆಳಿಗ್ಗೆ ಕಣ್ಣು ಬಿಡುವಾಗಲೇ “ಎರಡು ಕಾಫಿ, ನಾಲ್ಕು ಬನ್ಸ್” ಅನ್ನುವ ಕೂಗು ಕೇಳಬೇಕು. ಜೀಪಿನವರ ಜಗಳ, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳ ಪಂಚಾತಿಕೆ, ಬಸ್ಸು ತಪ್ಪಿದವರ ಶಾಪ ಎಲ್ಲ ನನ್ನ ಕಿವಿಯ ಮೇಲೆಯೇ ಬೀಳುತ್ತಿತ್ತು. ಶನಿವಾರ ಸಂಜೆಯಾದರೆ ಭಜನೆ. ಭಜನೆಯ ಹಾರ್ಮೋನಿಯಂ ನನ್ನ ವಶ. ನನ್ನ ದನಿ ಅಂಥ ಇಂಪಿನದ್ದೇನಲ್ಲ, ಜೋರು ಮಾತ್ರ ಇತ್ತು. ಹಾಡುವವರು ಶ್ರುತಿ ಬಿಟ್ಟರೆ ಹಾರ್ಮೋನಿಯಂ ನಿಲ್ಲಿಸಿ ಕೆಕ್ಕರಿಸಿ ನೋಡುತ್ತಿದ್ದೆ. ಈ ಗುಣ ಈಗಲೂ ಹೋಗಿಲ್ಲ.

ಅಂಥವಳನ್ನು ತಂದು “ಹ್ಞೂಂ” ಅನ್ನುವವರ ಮನೆಯಲ್ಲಿ ಬಿಟ್ಟರೆ ಹೇಗೆ ಹೇಳಿ? ಮದುವೆಯಾಗಿ ಸ್ವಲ್ಪ ದಿನಕ್ಕೇ ನನಗೆ ಉಸಿರು ಕಟ್ಟಿದ ಹಾಗಾಯಿತು. ಯಾರೂ ಬೈಯುತ್ತಿರಲಿಲ್ಲ, ಯಾರೂ ಹೊಡೆಯುತ್ತಿರಲಿಲ್ಲ. ನನ್ನನ್ನು ಯಾರೂ ಕೇಳುತ್ತಲೂ ಇರಲಿಲ್ಲ. ಪಾತ್ರೆ ತೊಳೆಯುವಾಗ ಏನಾದರೂ ಗುನುಗಿಕೊಂಡರೂ ಯಾರಾದರೂ ಬಂದರೆ ಸುಮ್ಮನಾಗುತ್ತಿದ್ದೆ.

ಆ ದಿನಗಳಲ್ಲೇ ಇವರು ಜಗಲಿಯಲ್ಲಿ ಕೂತು ಒಂದು ಮರದ ಪಟ್ಟಿಯನ್ನು ಕೆತ್ತಲು ಶುರು ಮಾಡಿದರು. ಸಂಜೆ ತೋಟದಿಂದ ಬಂದವರೇ ಕೈಕಾಲು ತೊಳೆದು ಅದರ ಮುಂದೆ ಕೂರುವುದು. ಅತ್ತೆಗೆ ಕುತೂಹಲ ತಡೆಯಲಿಲ್ಲ.

“ಎಂತದೋ ಅದು, ಗುದ್ದಲಿ ಕಾವಾ?”

“ಅಲ್ಲ.”

“ಮತ್ತೆ?”

“ಕತ್ತು.”

“ಯಾರ್ದೋ?”

ಅಷ್ಟು ಕೇಳಿದ್ದಕ್ಕೆ ಒಳಗಿನಿಂದ ಒಂದು ಪೆಟ್ಟಿಗೆ ತಂದು ತೋರಿಸಿದರು. ಟೀ ಪುಡಿ ತುಂಬಿ ಬರುತ್ತಿದ್ದ ಪ್ಲೈವುಡ್ ಪೆಟ್ಟಿಗೆಯ ಹಲಗೆಗಳನ್ನು ಕೊಯ್ದು, ಅಂಟಿಸಿ, ನಡುವೆ ದುಂಡಗೆ ತೂತು ಮಾಡಿ ಗಿಟಾರಿನ ಹೊಟ್ಟೆ ಮಾಡಿಟ್ಟಿದ್ದರು. ಚಿಕ್ಕಮಗಳೂರಿನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಜೊತೆಗಿದ್ದವನೊಬ್ಬನ ಹತ್ತಿರ ಗಿಟಾರ್ ಇತ್ತಂತೆ. ಹೊಟ್ಟೆ ಆಯಿತು, ಇನ್ನು ಕತ್ತು ಆಗಬೇಕು. ಇಷ್ಟನ್ನು ಹೇಳಿ ಅವರ ಆ ವಾರದ ಮಾತು ಮುಗಿಯಿತು.

ಆ ಕತ್ತನ್ನು ಅವರು ನೇವರಿಸುವುದು ನೋಡಿ ನನಗೆ ಹೊಟ್ಟೆಕಿಚ್ಚು ಬರುತ್ತಿತ್ತು. ಉಳಿಯಿಂದ ಕೆತ್ತಿ, ಒಡೆದ ಬಾಟಲಿಯ ಚೂರಿನಿಂದ ಹೆರೆದು, ಉಪ್ಪುಕಾಗದದಿಂದ ಉಜ್ಜಿ, ಕಣ್ಣು ಮುಚ್ಚಿ ಕೈಯಾಡಿಸುವುದು. ಮರದ ತುಂಡಿಗೆ ಸಿಗುವ ಉಪಚಾರ ನನಗಿಲ್ಲವಲ್ಲ ಅಂತ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕುತ್ತಿದ್ದೆ. ಪಾತ್ರೆಗಳು ನೆಗ್ಗಿದ್ದಷ್ಟೇ ಲಾಭ.

ಕತ್ತಿನ ಆಕಾರ ಬಂದ ಮೇಲೆ ಅದರ ಮೇಲೆ ಅಡ್ಡಡ್ಡ ಲೋಹದ ಗೆರೆಗಳನ್ನು ಕೂರಿಸಬೇಕು. ತಂತಿಯನ್ನು ಒತ್ತಿದಾಗ ಸ್ವರ ಹುಟ್ಟುವುದು ಅಲ್ಲಿಯೇ. ವೀಣೆಯಲ್ಲಿ ಅವಕ್ಕೆ ಮೆಟ್ಟಿಲು ಅನ್ನುತ್ತಾರೆ, ಗಿಟಾರಿನವರು ಫ್ರೆಟ್ ಅನ್ನುತ್ತಾರೆ. ಲೋಹಕ್ಕೆ ನಮ್ಮಲ್ಲಿ ಬರವಿರಲಿಲ್ಲ. ನಮ್ಮ ಕಡೆ ಒಂದು ಛತ್ರಿ ಒಂದು ಮಳೆಗಾಲ ಬಾಳಿದರೆ ಅದೇ ದೊಡ್ಡದು. ಪ್ರತಿ ಮನೆಯ ಅಟ್ಟದಲ್ಲೂ ಛತ್ರಿಯ ಅಸ್ಥಿಪಂಜರಗಳು ನೇತಾಡುತ್ತಿರುತ್ತವೆ. ಇವರು ನಾಲ್ಕಾರು ಛತ್ರಿಗಳ ಕಡ್ಡಿ ಮುರಿದು, ಅರದಿಂದ ಉಜ್ಜಿ ನಯ ಮಾಡಿ ಸಾಲಾಗಿ ಜೋಡಿಸಿಟ್ಟುಕೊಂಡರು.

ಇನ್ನು ಎಲ್ಲೆಲ್ಲಿ ಕೂರಿಸುವುದು ಅನ್ನುವುದಕ್ಕೆ ಅವರಿಗೆ ಸಂಶಯವೇ ಬರಲಿಲ್ಲ. ಅದಕ್ಕೆ ಕಾರಣ ಹೇಳಬೇಕು. ಹೊಸದಾಗಿ ಕಾಫಿ ಹಾಕುವ ಜಾಗದಲ್ಲಿ ಮೊದಲು ಹಗ್ಗ ಎಳೆಯುತ್ತಾರೆ. ಹಗ್ಗಕ್ಕೆ ಸಮ ದೂರದಲ್ಲಿ ಬಟ್ಟೆಯ ಚೂರು ಕಟ್ಟಿರುತ್ತದೆ. ಚೂರು ಇದ್ದಲ್ಲಿ ಗೂಟ, ಗೂಟ ಇದ್ದಲ್ಲಿ ಗುಂಡಿ, ಗುಂಡಿ ಇದ್ದಲ್ಲಿ ಗಿಡ. ಇದಕ್ಕೆ ಲೈನಿಂಗ್ ಅನ್ನುತ್ತಾರೆ. ಲೈನಿಂಗಿನಲ್ಲಿ ನಮ್ಮನೆಯವರದ್ದು ಎತ್ತಿದ ಕೈ. ದೊಡ್ಡ ಎಸ್ಟೇಟಿನವರೂ ಕರೆಸಿಕೊಳ್ಳುತ್ತಿದ್ದರು. ಅವರು ಹಗ್ಗ ಹಿಡಿದು ಹಾಕಿಸಿದ ತೋಟದಲ್ಲಿ ಎಲ್ಲಿ ನಿಂತು ನೋಡಿದರೂ, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಗಿಡಗಳು ಗೆರೆ ಎಳೆದ ಹಾಗೆ. ಸರಿ, ಅದೇ ವಿದ್ಯೆ ಇಲ್ಲಿಗೂ ಬಂತು. ನೂಲಿಗೆ ಸಮ ದೂರದಲ್ಲಿ ಗಂಟು ಹಾಕಿದರು. ನೂಲನ್ನು ಕತ್ತಿನ ಮೇಲೆ ಎಳೆದು ಕಟ್ಟಿದರು. ಗಂಟು ಇದ್ದಲ್ಲೆಲ್ಲ ಬೆಂಕಿಕಡ್ಡಿ ನಿಲ್ಲಿಸಿದರು! ಆಮೇಲೆ ನೆಲದ ಮೇಲೆ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ, ಸಾಲು ಸರಿ ಇದೆಯೇ ಎಂದು ನೋಡಿದರು. ಸರಿ ಇತ್ತು. ಗರಗಸದ ಬ್ಲೇಡಿನಿಂದ ಗೀರು ಕೊಯ್ದು ಛತ್ರಿ ಕಡ್ಡಿಗಳನ್ನು ಬಡಿದು ಕೂರಿಸಿದರು.

ತಂತಿ ಕಟ್ಟುವ ಹೊತ್ತಿಗೆ ಆಷಾಢ ಬಂತು. ಹೊಸ ಸೊಸೆ ಆಷಾಢದಲ್ಲಿ ತವರಿಗೆ ಹೋಗಬೇಕಲ್ಲ, ಅಪ್ಪಯ್ಯ ಬಂದು ಕರೆದುಕೊಂಡು ಹೋದರು. ಇವರು ಬಸ್ಸಿನವರೆಗೆ ಬಂದರು. “ಹೋಗಿ ಬರ್ತೀನಿ” ಅಂದೆ. ಏನಂದಿರಬಹುದು ಹೇಳಿ? ಅದೇ, ಹ್ಞೂಂ.

ಸಂಸೆ ತಲುಪಿದವಳೇ ಅಮ್ಮನ ಹಿಂದೆ ಬಚ್ಚಲಿಗೆ ಹೋಗಿ ಹೇಳಿಬಿಟ್ಟೆ. “ಅಮ್ಮ, ನಾನು ವಾಪಸ್ ಹೋಗಲ್ಲ.”

ಅಮ್ಮ ಒಲೆಗೆ ಸೌದೆ ತುರುಕುತ್ತಿದ್ದವಳು ಕೈ ನಿಲ್ಲಿಸಿದಳು. “ಅಳಿಯಂದ್ರು ಹೊಡೀತಾರೇನೇ?”

“ಇಲ್ಲ.”

“ಕುಡಿಯದು ಗಿಡಿಯದು?”

“ಅದೂ ಇಲ್ಲ.”

“ಮತ್ತೆಂತ ವಿಮಲಾ?”

“ಮಾತೇ ಆಡಲ್ಲ ಅಮ್ಮ. ನಾನು ಇದೀನಾ ಇಲ್ವಾ ಅಂತಾನೇ ಅವ್ರಿಗೆ ಗೊತ್ತಿಲ್ಲ. ನಂಗೆ ಹಾಡೇ ಮರ್ತು ಹೋಗಿದೆ” ಅಂದೆ. ಅಳು ಬಂತು. ಚೆನ್ನಾಗಿಯೇ ಅತ್ತೆ.

ಅಮ್ಮ ಸೆರಗಿನಿಂದ ನನ್ನ ಮುಖ ಒರೆಸಿ, “ಆಷಾಢ ಮುಗೀಲಿ, ನೋಡಾಣ. ಅಪ್ಪಯ್ಯಂಗೆ ಈಗ್ಲೇ ಹೇಳ್ಬೇಡ” ಅಂದಳು. ಹೋಗು ಅಂತಲೂ ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ನಾನು ಮಾತ್ರ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ.

ಆಷಾಢ ಅರ್ಧವೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಕಳಸದ ಕಡೆಯಿಂದ ಬಂದ ಬಸ್ಸಿನಿಂದ ಗೋಣಿಚೀಲ ಸುತ್ತಿದ ಏನನ್ನೋ ಮಗುವಿನ ಹಾಗೆ ಎತ್ತಿಕೊಂಡು ಇವರು ಇಳಿದರು. ನೇರ ಹೋಟ್ಲಿಗೆ ಬಂದರು. ಒಳಗಿನಿಂದ ಬಗ್ಗಿ ನೋಡಿದ ಅಮ್ಮ ಗಡಬಡಿಸಿ ಬಾಗಿಲು ಅರ್ಧ ಮುಚ್ಚಿದಳು. ಆಷಾಢದಲ್ಲಿ ಅಳಿಯ ಅತ್ತೆಮನೆಯ ಹೊಸಿಲು ತುಳಿಯಬಾರದು ಅನ್ನುವುದರಲ್ಲಿ ನಮ್ಮ ಕಡೆಯವರು ಬಲು ಕಟ್ಟುನಿಟ್ಟು.

“ಅಯ್ಯೋ ದೇವ್ರೇ, ಅಳಿಯಂದ್ರು! ಈಗೆಂತ ಮಾಡದು?” ಎಂದು ಅಮ್ಮ ಬಾಗಿಲ ಸಂದಿಯಿಂದ ಪಿಸುಗುಟ್ಟಿದಳು.

ಅಪ್ಪಯ್ಯ ಲೋಟ ತೊಳೆಯುತ್ತಲೇ ತೀರ್ಪು ಕೊಟ್ಟರು. “ಎಂತಕ್ಕೆ ಗಾಬರಿ ನಿಂಗೆ? ಒಳಗೆ ಬಂದ್ರೆ ಅಳಿಯ. ಹೋಟ್ಲಲ್ಲಿ ಕೂತ್ರೆ ಗಿರಾಕಿ. ಗಿರಾಕಿಗೆ ಎಲ್ಲಿಯ ಆಷಾಢ?”

ಹೀಗೆ ನಮ್ಮನೆಯವರು ಅತ್ತೆಮನೆಯಲ್ಲಿ ಗಿರಾಕಿಯಾದರು. ಮೂಲೆಯ ಬೆಂಚಿನಲ್ಲಿ ಕೂರಿಸಿ ಅಪ್ಪಯ್ಯ ಕಾಫಿ, ಬನ್ಸ್ ಕೊಟ್ಟರು. ನಾನು ಹೊಸಿಲಿನ ಈಚೆ ಬಂದು ನಿಂತೆ. ಬಂದದ್ದು ಯಾಕೆ ಅಂತ ಕೇಳುವ ಮೊದಲೇ ಗೋಣಿ ಬಿಚ್ಚಿದರು. ಗಿಟಾರು. ತಂತಿ ಕಟ್ಟಿಯಾಗಿತ್ತು.

“ಸ್ವರ ಮೇಲೆ ಹೋಗ್ತಾ ಹೋಗ್ತಾ ಹಾಳಾಗ್ತದೆ. ಎಂತಕೆ ಅಂತ ಗೊತ್ತಾಗ್ತಿಲ್ಲ. ನೀನು ಕೇಳಿ ಹೇಳು” ಅಂದರು.

“ನಂಗೆ ಹೆಂಗೆ ಗೊತ್ತಾಗತ್ತೆ ಗಿಟಾರು?” ಎಂದು ನಾನು ಮುಖ ತಿರುಗಿಸಿದೆ.

“ಪಾತ್ರೆ ತೊಳೆವಾಗ ಹಾಡ್ತೀಯಲ್ಲ. ಒಂದಿನನೂ ಶ್ರುತಿ ಬಿಟ್ಟಿದ್ದಿಲ್ಲ ನೀನು. ನಾನು ಬಂದ ಕೂಡ್ಲೆ ನಿಲ್ಲಿಸ್ತೀಯ. ಅದಕ್ಕೇ ನಾನು ಕೊಟ್ಟಿಗೆ ಹತ್ರಾನೇ ನಿಂತು ಕೇಳ್ತೀನಿ, ಒಳಗೆ ಬರಲ್ಲ.”

ಇಷ್ಟುದ್ದದ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. “ಕಾಫಿ ಆರ್ತಿದೆ, ಕುಡೀರಿ” ಅಂದೆ.

ಅಪ್ಪಯ್ಯ ಭಜನೆ ಮಂದಿರದಿಂದ ಹಾರ್ಮೋನಿಯಂ ತರಿಸಿ ಮೇಜಿನ ಮೇಲಿಟ್ಟರು. ನಾನು ಒಂದೊಂದೇ ಮನೆ ಒತ್ತುತ್ತಾ ಹೋದೆ, ಬಿಳಿಯದು ಕರಿಯದು ಬಿಡದೆ. ಇವರು ತಂತಿ ಮೀಟುತ್ತಾ ಬಂದರು. ಎರಡು ಮೆಟ್ಟಿಲು ದಾಟುವಷ್ಟರಲ್ಲಿ ನನ್ನ ಹಳೇ ಗುಣ ಎದ್ದು ಕೆಕ್ಕರಿಸಿದೆ. ಮೇಲೆ ಹೋದಂತೆ ಗಿಟಾರು ಒಂದು ಊರಿಗೆ, ಹಾರ್ಮೋನಿಯಂ ಇನ್ನೊಂದು ಊರಿಗೆ. ಕೂರಿಸಿದ್ದ ಕಡ್ಡಿಗಳನ್ನು ಕಿತ್ತು, ಒಂದೇ ಕಡ್ಡಿಯನ್ನು ತಂತಿಯ ಕೆಳಗೆ ಜಾರಿಸುತ್ತಾ, ಸ್ವರ ಕೂಡಿದಲ್ಲಿ ಪೆನ್ಸಿಲ್ ಗುರುತು ಹಾಕುತ್ತಾ ಹೋದೆವು. ಇವರು ಗುರುತುಗಳನ್ನೇ ನೋಡಿದರು. ಮೊದಲು ಅಗಲ, ಆಮೇಲೆ ಸ್ವಲ್ಪ ಕಮ್ಮಿ, ಆಮೇಲೆ ಇನ್ನೂ ಕಮ್ಮಿ.

“ಇದೆಂತ ಲೈನಿಂಗ್ ಮಾರಾಯ್ತಿ? ಬರ್ತಾ ಬರ್ತಾ ಒತ್ತಾಗ್ತದಲ್ಲ!” ಅಂದರು. ಹಗ್ಗ ಹಿಡಿದು ಹೆಸರು ಮಾಡಿದವರ ಮುಖ ಸಪ್ಪಗಾಗಿತ್ತು.

“ಸ್ವರಕ್ಕೆ ಗೊಬ್ಬರ ಹಾಕಕ್ಕೆ ಜಾಗ ಬಿಡ್ಬೇಕಾ? ಇದು ಕಾಫಿ ತೋಟ ಅಲ್ಲ ರೀ” ಅಂದೆ.

ಪಕ್ಕದ ಬೆಂಚಿನವರು ಕಾಫಿ ಚೆಲ್ಲುವಷ್ಟು ನಕ್ಕರು. ಇವರೂ ನಕ್ಕರು. ನಗುವಾಗ ಅವರ ಬಲಗೆನ್ನೆಯಲ್ಲಿ ಗುಳಿ ಬೀಳುತ್ತದೆ ಅನ್ನುವುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಹೆಂಡತಿಗೆ ಗೊತ್ತಿಲ್ಲದ ಗುಳಿ!

ಆದರೆ ಆ ಕತ್ತಿನ ತುಂಬ ತಪ್ಪು ಗೀರುಗಳು. ಗೀರು ಮುಚ್ಚಿದರೂ ಸಿಲ್ವರ್ ಓಕು ತಂತಿಯ ಬಿಗಿತಕ್ಕೆ ಆಗಲೇ ಬಾಗತೊಡಗಿತ್ತು. ಹೊಸದೇ ಆಗಬೇಕು, ಗಟ್ಟಿ ಮರ ಬೇಕು ಎಂದು ಇವರು ಅಪ್ಪಯ್ಯನ ಹತ್ತಿರ ಹೇಳುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ ಗಡಗಡ ಸದ್ದು. ಅಮ್ಮ ಹೊಸಿಲಿನ ಆಚೆ ನಿಂತುಕೊಂಡು ತನ್ನ ಒನಕೆಯನ್ನು ಹೋಟ್ಲಿನೊಳಕ್ಕೆ ಉರುಳಿಸಿಬಿಟ್ಟಿದ್ದಳು.

“ಮೂಲೇಲಿ ಸುಮ್ನೆ ನಿಂತಿದೆ. ಆಗುತ್ತಾ ನೋಡಿ ಅಂತ ಹೇಳೇ ಅಳಿಯಂದ್ರಿಗೆ.”

ಆ ಒನಕೆಯಲ್ಲಿ ಅಮ್ಮ ಹೋಟ್ಲಿನ ಕಾಫಿಪುಡಿ ಕುಟ್ಟುತ್ತಿದ್ದಳು. ಕಳಸದಲ್ಲಿ ಪುಡಿ ಮಾಡುವ ಮಿಷನ್ ಬರುವ ತನಕ ಹುರಿದ ಬೀಜವೆಲ್ಲ ಅದರ ಕೆಳಗೇ ಪುಡಿಯಾದದ್ದು. ಯಾವ ಮರದ್ದೋ ಅಪ್ಪಯ್ಯನಿಗೂ ಗೊತ್ತಿರಲಿಲ್ಲ. ಕಾಫಿಯ ಎಣ್ಣೆ ಕುಡಿದು ಕುಡಿದು ಕಪ್ಪಗೆ ಮಿರಿಮಿರಿ ಅನ್ನುತ್ತಿತ್ತು. ಅಮ್ಮ ಹಿಡಿಯುತ್ತಿದ್ದ ನಡುಭಾಗ ಸವೆದು ಸಣ್ಣಗಾಗಿತ್ತು. ಅದನ್ನು ಕೊಯ್ಯಲು ಅಮ್ಮನಿಗೆ ಮನಸ್ಸು ಹೇಗೆ ಬಂತೋ. ನಾನು ಹಿಂತಿರುಗಿ ನೋಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಎದುರಿನ ಬಡಗಿಯ ಅಂಗಡಿಯಲ್ಲಿ ಒನಕೆಯನ್ನು ಉದ್ದಕ್ಕೆ ಸೀಳಿಸಿ ತಂದರು. ಸೀಳಿದ ಕಡೆ ಚಪ್ಪಟೆ, ಹಿಂದುಗಡೆ ದುಂಡು. ಗಿಟಾರಿನ ಕತ್ತಿಗೆ ಬೇಕಾದದ್ದೂ ಅದೇ ಆಕಾರ. ಆಮೇಲೆ ಬಿಡುವು ಸಿಕ್ಕಿದಾಗಲೆಲ್ಲ ಇವರ ಸವಾರಿ ಬಂತು. ಬೆಳಗಿನ ಬಸ್ಸಿಗೆ ಬಂದು, ಹೋಟ್ಲಿನ ಮೂಲೆಯಲ್ಲಿ ಕೂತು ಕೀಸಿ, ಹೆರೆದು, ಉಜ್ಜಿ, ಸಂಜೆಯ ಬಸ್ಸಿಗೆ ಹೋಗುವುದು. ಹೆರೆದ ಹೊಟ್ಟಿನಿಂದಲೂ ಕಾಫಿ ವಾಸನೆ! ಗಿರಾಕಿಗಳು “ಉಪೇಂದ್ರಣ್ಣ, ಕತ್ತು ಎಲ್ಲಿಗೆ ಬಂತು?” ಎಂದು ವಿಚಾರಿಸಿಕೊಂಡೇ ಬಸ್ಸು ಹತ್ತುತ್ತಿದ್ದರು. ನಾನು ಲೋಟ ಎತ್ತುವ ನೆಪದಲ್ಲಿ ಅಲ್ಲೇ ಸುಳಿಯುತ್ತಿದ್ದೆ. ಮೊದಮೊದಲು ನಾನೇ ಮಾತಾಡುತ್ತಿದ್ದೆ. ಬರುಬರುತ್ತಾ ಅವರೂ ಶುರು ಮಾಡಿದರು. ಕೈಗೆ ಕೆಲಸ ಕೊಟ್ಟರೆ ಅವರ ಬಾಯಿಗೆ ಮಾತು ಬರುತ್ತದೆ ಅನ್ನುವ ಗುಟ್ಟು ನನಗೆ ತಿಳಿದದ್ದು ಆಗಲೇ. ಈಗಲೂ ಏನಾದರೂ ಕೇಳಬೇಕಾದರೆ ಮೊದಲು ಒಂದು ಮೊರ ಹುರುಳಿಕಾಯಿ ಮುಂದಿಟ್ಟು ಆಮೇಲೆ ಕೇಳುತ್ತೇನೆ.

ಕೆಲಸದ ನಡುವೆ ಆಗಾಗ “ಹಿಡ್ದು ನೋಡು” ಎಂದು ಕತ್ತನ್ನು ನನ್ನ ಎಡಗೈಗೆ ಕೊಡುತ್ತಿದ್ದರು. ನಾನು ಹಿಡಿದು, “ದಪ್ಪ ಆಯ್ತು” ಅನ್ನುತ್ತಿದ್ದೆ. ಮತ್ತೆ ಹೆರೆಯುತ್ತಿದ್ದರು. “ನನ್ನ ಕೈ ಸಣ್ಣದು ರೀ, ನಿಮ್ಮ ಕೈಗೆ ನೋಡ್ಕೊಳ್ಳಿ” ಅಂದರೂ ಕೇಳದೆ ಮತ್ತೆ ನನ್ನ ಕೈಗೇ ಕೊಡುತ್ತಿದ್ದರು.

ಮೆಟ್ಟಿಲು ಕೂರಿಸುವ ದಿನ ಹಾರ್ಮೋನಿಯಂ ಮತ್ತೆ ಬಂತು. ಒಂದೊಂದೇ ಸ್ವರ ಕೂಡಿಸಿ ಗೀರು ಹಾಕುತ್ತಾ ಬಂದೆವು. ನಡುವೆ ಒಂದು ಕರಿ ಮನೆ ಕೂಗಲೇ ಇಲ್ಲ. ಥಂಡಿಗೆ ಒಳಗಿನ ಹಿತ್ತಾಳೆಯ ಪಟ್ಟಿ ಕಚ್ಚಿಕೊಂಡಿತ್ತು. ಒತ್ತಿದರೆ ಬರೀ ಗಾಳಿ. ಇವರು ಕಡ್ಡಿ ಹಿಡಿದು ನನ್ನ ಮುಖ ನೋಡಿದರು.

“ನೀನೇ ಹಾಡು” ಅಂದರು.

“ಇಲ್ಲೇನಾ? ಇವ್ರೆಲ್ಲರ ಎದ್ರಿಗಾ?”

“ಹ್ಞೂಂ.”

ಮದುವೆಯಾದ ಮೇಲೆ ಅವರೆದುರು ನಾನು ಹಾಡಿರಲೇ ಇಲ್ಲ. ಹಿಂದಿನ ಸ್ವರದಿಂದ ಹಿಡಿದು ಮೇಲಕ್ಕೆ ಹೋಗಿ ಆ ಸ್ವರದಲ್ಲಿ ನಿಂತೆ. ದನಿ ಮೊದಲು ಸಣ್ಣಗಿತ್ತು. ಆಮೇಲೆ ಗಟ್ಟಿಯಾಯಿತು. ಅಪ್ಪಯ್ಯ ದೋಸೆ ಕಾವಲಿಗೆ ನೀರು ಚಿಮುಕಿಸಲು ಹೋದವರು ಕೈ ಹಾಗೇ ಹಿಡಿದುಕೊಂಡರು. ಇವರು ತಂತಿ ಮೀಟುತ್ತಾ ಕಡ್ಡಿಯನ್ನು ಕೂದಲಷ್ಟು ಕೂದಲಷ್ಟೇ ಜಾರಿಸಿದರು. ಒಂದು ಕಡೆ ಬಂದಾಗ ನನ್ನ ದನಿಯೂ ತಂತಿಯ ದನಿಯೂ ಬೇರೆ ಬೇರೆ ಅನ್ನಿಸಲಿಲ್ಲ. “ಇಲ್ಲೇ ಅಲ್ವಾ?” ಅಂದರು. ತಲೆಯಾಡಿಸಿದೆ. ಪೆನ್ಸಿಲ್ ಗುರುತು ಹಾಕಿದ ಮೇಲೂ ನಾನು ನಿಲ್ಲಿಸಲಿಲ್ಲ. ಇಷ್ಟು ದಿನ ಒಳಗೆ ಇಟ್ಟುಕೊಂಡದ್ದು ಅಷ್ಟು ಬೇಗ ನಿಲ್ಲುತ್ತದೆಯೇ? ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು.

ಗಿಟಾರು ಪೂರ್ತಿಯಾದ ಸಂಜೆ, ನಟ್ಟು ಬೋಲ್ಟು ಬಿಗಿದು, ತಂತಿ ಕಟ್ಟಿ, ಶ್ರುತಿ ಮಾಡಿ ನನ್ನ ತೊಡೆಯ ಮೇಲಿಟ್ಟರು. ನನ್ನ ಅಂಗೈಗೆ ಕತ್ತು ಸರಿಯಾಗಿ ಕೂತಿತು. ಅಮ್ಮನ ಕೈ ಸವೆಸಿದ ಜಾಗ ನನ್ನ ಹೆಬ್ಬೆರಳಿನ ಕೆಳಗೇ ಬಂದಿತ್ತು. “ನಂಗೆಲ್ಲಿ ಬರುತ್ತೆ, ನೀವು ನುಡಿಸಿ, ಕೇಳಾಣ” ಎಂದು ವಾಪಸ್ಸು ಕೊಟ್ಟೆ. ಅವರು ಬೆರಳಿಟ್ಟರು. ಗುದ್ದಲಿ, ಕತ್ತಿ ಹಿಡಿದು ದಪ್ಪಗಾದ ಬೆರಳು. ಒಂದು ತಂತಿ ಒತ್ತಲು ಹೋದರೆ ಎರಡರ ಮೇಲೆ ಬೀಳುತ್ತಿತ್ತು.

“ನಾನು ಆಗ್ಲೇ ಹೇಳ್ದೆ. ತೀರಾ ಸಣ್ಣ ಮಾಡ್ಬಿಟ್ರಿ. ನಿಮ್ಮ ಬೆರಳು ಕೂರೋದೇ ಇಲ್ವಲ್ರೀ” ಅಂದೆ. ಇಷ್ಟು ದಿನದ ಕೆಲಸ ಹಾಳಾಯಿತಲ್ಲ ಎಂದು ನನಗೆ ನಿಜವಾಗಿ ಸಂಕಟವಾಯಿತು.

ಅವರು ಗೋಣಿಚೀಲ ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡರು. ಗಿಟಾರನ್ನು ಮತ್ತೆ ನನ್ನ ತೊಡೆಯ ಮೇಲಿಟ್ಟರು. “ನಂದು ಎಂತಕೆ ಕೂರ್ಬೇಕು? ನಿಂಗೆ ಅಂತಾನೇ ಮಾಡಿದ್ದು. ಹಾರ್ಮೋನಿಯಂ ಬಿಟ್ಟು ಬಂದೋಳು, ಮನೇಲಿ ಎಂತದಾದ್ರೂ ಇರ್ಲಿ ಅಂತ ಶುರು ಮಾಡ್ದೆ. ಹೇಳಕ್ಕೆ ಗೊತ್ತಾಗ್ಲಿಲ್ಲ” ಅಂದರು.

ಬಸ್ಸು ಹಾರ್ನ್ ಹೊಡೆಯಿತು. ಬರ್ತೀಯಾ ಅಂತ ಕೇಳಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಓಡಿಹೋಗಿ ಬಸ್ಸು ಹತ್ತಿದರು. ಕಿಟಕಿಯಲ್ಲಿ ಒಂದು ಸಲ ಮುಖ ಕಂಡಿತು.

ನಾನು ಗಿಟಾರನ್ನು ಎದೆಗವಚಿಕೊಂಡು ಒಳಗೆ ಬಂದೆ. ಅಮ್ಮ ಹೊಸಿಲಿನ ಪಕ್ಕದಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಾಳೆ ಅನ್ನುವುದು ಮುಖದಲ್ಲೇ ಗೊತ್ತಾಗುತ್ತಿತ್ತು. ಆದರೂ ನಾನು ಏನು ಹೇಳುತ್ತೇನೋ ಎಂದು ಕಾದಳು.

“ಅಮ್ಮ, ಆಷಾಢ ಮುಗಿಯಕ್ಕೆ ಇನ್ನೆಷ್ಟು ದಿನ ಇದೆ?” ಅಂದೆ.